ಪದ ಪರಿಚಯ: ದ್ರಾವಣ ದಹನ ಸಂಶ್ಲೇಷಣೆ

ಸೌದೆ ಉರಿದ ಮೇಲೆ ಒಲೆಯಲ್ಲಿ ಬೂದಿ ಉಳಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ಕ್ರಿಯೆ ಇದು. ಇಲ್ಲಿ ಆ ಬೂದಿಯೇ ಬೇಕಾದ ವಸ್ತು. ಲೋಹದ ನೈಟ್ರೇಟನ್ನೂ ಯೂರಿಯಾದಂಥ ಇಂಧನವನ್ನೂ ನೀರಿನಲ್ಲಿ ಕರಗಿಸಿ, ಕುಲುಮೆಯಲ್ಲಿ ಹೊತ್ತಿಸಿ, ಲೋಹದ ಆಕ್ಸೈಡನ್ನು ನ್ಯಾನೊ ಪುಡಿಯಾಗಿ ಪಡೆಯುವ ವಿಧಾನಕ್ಕೆ ಈ ಹೆಸರು. ಲ್ಯಾಬಿನ ಮಾತಿನಲ್ಲಿ ಬರೀ ‘ಕಂಬಶ್ಚನ್’. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ ಅವರು ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದಿಂದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮಾಡಿ ತೋರಿಸಿದರು. ಮಫಲ್ ಫರ್ನೇಸ್ (ಮುಚ್ಚಿದ ಗೂಡಿನ ಲ್ಯಾಬ್ ಕುಲುಮೆ), ಅಗಲ ಬಾಯಿಯ ಬಟ್ಟಲು, ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಇದ್ದರೆ ತುಮಕೂರಿನ ಕಾಲೇಜು ಲ್ಯಾಬಿನಲ್ಲೂ ಮಾಡಬಹುದು.

ಇದರ ಜೀವವೆಲ್ಲ ಇಂಧನದ ಲೆಕ್ಕದಲ್ಲಿದೆ. ಉರಿಯಲು ಆಕ್ಸಿಜನ್ ಕೊಡುವುದು ನೈಟ್ರೇಟ್; ಅದಕ್ಕೆ ತಕ್ಕಷ್ಟೇ ಇಂಧನ ಬೇಕು. ಅಣುವಿನ ಒಂದೊಂದು ಪರಮಾಣುವಿಗೂ ಒಂದು ಅಂಕಿ: ಕಾರ್ಬನ್‌ಗೆ +4, ಹೈಡ್ರೋಜನ್‌ಗೆ +1, ಆಕ್ಸಿಜನ್‌ಗೆ −2, ನೈಟ್ರೋಜನ್‌ಗೆ ಸೊನ್ನೆ, ಲೋಹಕ್ಕೆ ಅದರದೇ ವೇಲೆನ್ಸಿ (ಜಿಂಕಿಗೆ +2) ಹಾಕಿ ಕೂಡಬೇಕು. ಉದಾಹರಣೆಗೆ, ಜಿಂಕ್ ನೈಟ್ರೇಟಿಗೆ −10 ಬರುತ್ತದೆ, ಯೂರಿಯಾಕ್ಕೆ +6. ಎರಡೂ ಸರಿದೂಗಲು ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ನೈಟ್ರೇಟಿಗೆ 1.67 ಮೋಲ್ ಯೂರಿಯಾ ಬೇಕು. ಹರಳಿನೊಳಗಿನ ನೀರಿಗೆ ಈ ಮೊತ್ತ ಸೊನ್ನೆ. ಆದರೆ ತೂಕಕ್ಕೆ ಅದನ್ನು ಸೇರಿಸಲೇಬೇಕು. ಹಾಗಾಗಿ 0.02 ಮೋಲಿನ ಲೆಕ್ಕಕ್ಕೆ ಆರು ಅಣು ನೀರಿರುವ ಜಿಂಕ್ ನೈಟ್ರೇಟ್ 5.95 ಗ್ರಾಂ, ಯೂರಿಯಾ 2 ಗ್ರಾಂ. ಪೂರ್ತಿ ಉರಿದರೆ ಸಿಗುವ ಜಿಂಕ್ ಆಕ್ಸೈಡ್ 1.63 ಗ್ರಾಂ.

ಇವನ್ನು ಸುಮಾರು 15 ಮಿ.ಲೀ. ನೀರಿನಲ್ಲಿ ಕರಗಿಸಿ, ಮೊದಲೇ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟ ಕುಲುಮೆಯಲ್ಲಿಡಬೇಕು. ನೀರು ಕುದಿದು ಆರಿ, ಪಾಕ ಗಟ್ಟಿಯಾಗಿ, ನೊರೆಯೆದ್ದು ಹೊತ್ತಿಕೊಳ್ಳುತ್ತದೆ. ಉರಿ ಇರುವುದು ಕೆಲವೇ ಸೆಕೆಂಡು. ಒಂದು ಮೋಲ್ ಆಕ್ಸೈಡಿಗೆ ಏಳೂವರೆ ಮೋಲಿಗಿಂತ ಹೆಚ್ಚು ಅನಿಲ ನುಗ್ಗಿ ಬರುತ್ತದೆ. ಅದು ಪುಡಿಯನ್ನು ಚದುರಿಸಿ ಶಾಖವನ್ನೂ ಹೊತ್ತೊಯ್ಯುವುದರಿಂದ ಹರಳು ಬೆಳೆಯಲು ಹೊತ್ತೇ ಸಿಗುವುದಿಲ್ಲ. ನ್ಯಾನೊ ಗಾತ್ರ ಬರುವುದು ಹೀಗೆ. ಬಟ್ಟಲು ಚಿಕ್ಕದಾದರೆ ನೊರೆ ಉಕ್ಕಿ ಒಂದಷ್ಟು ಪುಡಿ ಕುಲುಮೆಯ ಪಾಲು.

ಕುಲುಮೆಯನ್ನು ತಣ್ಣಗಿದ್ದಾಗಿನಿಂದ ನಿಧಾನಕ್ಕೆ ಕಾಯಿಸಿದರೆ ಹೊತ್ತುವ ಮೊದಲೇ ಯೂರಿಯಾ ಒಡೆದು ಹೋಗುತ್ತದೆ. ಇಂಧನ ಕಡಿಮೆಯಾದರೆ ಕಂದು ಹೊಗೆ. ಅದು ನೈಟ್ರೋಜನ್ ಡೈಆಕ್ಸೈಡ್, ಉಸಿರಿಗೆ ವಿಷ. ಹೆಚ್ಚಾದರೆ ಪುಡಿ ಇದ್ದಿಲು ಸೇರಿ ಕಪ್ಪಾಗುತ್ತದೆ, ಮತ್ತೆ ಎರಡು ಗಂಟೆ ಸುಡಬೇಕು. ಸುಟ್ಟಷ್ಟೂ ಹರಳು ದಪ್ಪವಾಗುತ್ತದೆ. ನೈಟ್ರೇಟ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ, ಮುಚ್ಚಳ ಸಡಿಲವಾದ ಡಬ್ಬಿಯದನ್ನು ತೂಗಿದರೆ ಲೆಕ್ಕವೆಲ್ಲ ತಪ್ಪು.

ಗಾತ್ರ ಅಳೆಯುವಾಗಲೂ ಎಚ್ಚರ ಬೇಕು. ಪುಡಿಯಿಂದ ಬೇರೆ ಬೇರೆ ಕೋನಗಳಲ್ಲಿ ಚದುರುವ ಎಕ್ಸ್-ರೇಯ ನಕ್ಷೆಯಲ್ಲಿ (XRD) 36.2 ಡಿಗ್ರಿಯ ಶಿಖರದ ಅಗಲ 0.4 ಡಿಗ್ರಿ ಇದ್ದರೆ, ಶಿಖರದ ಅಗಲದಿಂದ ಹರಳಿನ ಗಾತ್ರ ಲೆಕ್ಕ ಹಾಕುವ ಶೆರರ್ ಸೂತ್ರದಂತೆ ಸುಮಾರು 21 ನ್ಯಾನೊಮೀಟರ್. ಅದು ಒಂಟಿ ಹರಳಿನ ಗಾತ್ರ; ಕಣವೆಂದರೆ ಅಂಥ ಹಲವು ಹರಳುಗಳ ಗಂಟು. ಉಪಕರಣದಿಂದಲೇ ಬರುವ ಅಗಲವನ್ನು ಮೊದಲು ಕಳೆಯಬೇಕು.

ಈಗ ಗಿಡದ ರಸವನ್ನೇ ಇಂಧನವಾಗಿಸುವ ‘ಹಸಿರು’ ಪ್ರಯೋಗಗಳು ಬಹಳ. ತುಮಕೂರು ಸೀಮೆಯಲ್ಲಿ ಹುಣಸೆ ಕೈಗೆಟಕುವಂಥದ್ದು, ಅದರ ಹುಳಿ ಟಾರ್ಟಾರಿಕ್ ಆಮ್ಲದ್ದು. ಆಮ್ಲದ ಮೊತ್ತ +10, ಅಂದರೆ ಜಿಂಕ್ ನೈಟ್ರೇಟಿಗೆ ಮೋಲಿಗೆ ಮೋಲ್ ಸಮ. ಆದರೆ ಹಣ್ಣಿನಲ್ಲಿ ಸಕ್ಕರೆಯೂ ಇದೆ, ಪೊಟ್ಯಾಸಿಯಂ ಕೂಡ. ಸಕ್ಕರೆ ಲೆಕ್ಕ ಕೆಡಿಸುತ್ತದೆ, ಪೊಟ್ಯಾಸಿಯಂ ಬೂದಿಯಲ್ಲಿ ಉಳಿಯುತ್ತದೆ. ‘10 ಮಿ.ಲೀ. ರಸ’ ಎಂದಷ್ಟೇ ಬರೆದರೆ ಇನ್ನೊಬ್ಬರು ಅದನ್ನು ಮತ್ತೆ ಮಾಡಲಾರರು. ಮೊದಲು ಶುದ್ಧ ಆಮ್ಲದಲ್ಲಿ ಮಾಡಿ, ಆಮೇಲೆ ರಸದಲ್ಲಿ ಮಾಡಿ ನೀರಿನಲ್ಲಿ ತೊಳೆದು, ಎರಡನ್ನೂ ಹೋಲಿಸಿದರೆ ರಸದಿಂದ ಏನು ಬದಲಾಯಿತೆಂದು ತಿಳಿಯುತ್ತದೆ.