ಖಾರಕ್ಕೆ ಜಗ್ಗದ ಕೋಳಿಗೆ ಹುಳಿ ತಟ್ಟುತ್ತಾ?

ಪ್ರಶ್ನೆ: ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುವಾಗ ಬೆರಳಿನ ಗೀರಿಗೆ ರಸ ಬಿದ್ದು ಕಣ್ಣಲ್ಲಿ ನೀರೇ ಬಂತು. ಅಂಗಳದಲ್ಲಿ ಒಣಹಾಕಿದ ಗುಂಟೂರು ಮೆಣಸಿನಕಾಯಿಯನ್ನು ನಮ್ಮ ನಾಟಿಕೋಳಿ ಆರಾಮಾಗಿ ಕುಕ್ಕಿ ತಿನ್ನುತ್ತೆ. ಅದಕ್ಕೆ ಹುಳಿಯೂ ಉರಿಯಲ್ವಾ? (ಮಂಡ್ಯದ ಓದುಗರೊಬ್ಬರು)

ಖಾರ ಗೊತ್ತಾಗದಿದ್ದರೆ ಹುಳಿಯೂ ಗೊತ್ತಾಗಲ್ಲ ಅಂತೇನಿಲ್ಲ. ಆಮ್ಲವನ್ನು ಗುರುತು ಹಿಡಿಯುವ ಪ್ರೋಟೀನುಗಳು, ಅಂದರೆ ಗ್ರಾಹಕಗಳು, ಕೋಳಿಯಲ್ಲೂ ಇವೆ, ಕೆಲಸವನ್ನೂ ಮಾಡುತ್ತವೆ.

ನಿಮ್ಮ ಬೆರಳಿಗೆ ಬನ್ನಿ. ಆಮ್ಲ ಎಷ್ಟಿದೆ ಅಂತ ಹೇಳುವ ಅಳತೆ ಪಿಎಚ್, ಅದು ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ ಸುಮಾರು 7.4, ನಿಂಬೆರಸದ್ದು 2ರ ಆಸುಪಾಸು. ಚರ್ಮ ಗೀರಿದ ಕಡೆ ಆ ಆಮ್ಲ ನರದ ತುದಿಗೇ ತಾಗುತ್ತೆ. ಅಲ್ಲಿ ಆಮ್ಲ ಸೋಕಿದರೆ ತೆರೆದುಕೊಳ್ಳುವ ಪ್ರೋಟೀನಿನ ಬಾಗಿಲುಗಳಿವೆ. ಒಂದು ಜಾತಿ ಏಸಿಕ್, ಇನ್ನೊಂದು ಟಿಆರ್‌ಪಿವಿ1. ಈ ಎರಡನೆಯದು ಆಮ್ಲಕ್ಕೂ ತೆರೆಯುತ್ತೆ, ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ತೆರೆಯುತ್ತೆ, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ಗೂ ತೆರೆಯುತ್ತೆ. ನಾವು ಒಲೆಯದ್ದಕ್ಕೂ, ಗಾಯಕ್ಕೆ ಬಿದ್ದ ನಿಂಬೆಗೂ, ಕಚ್ಚಿದ ಮೆಣಸಿನಕಾಯಿಗೂ 'ಉರಿ' ಅನ್ನೋದು ಸುಮ್ಮನೆ ಅಲ್ಲ! 1997ರಲ್ಲಿ ಈ ಗ್ರಾಹಕವನ್ನು ಪತ್ತೆಮಾಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಅವರದೇ ಪ್ರಯೋಗಾಲಯ 2002ರಲ್ಲಿ ಕೋಳಿಯ ಟಿಆರ್‌ಪಿವಿ1 ಪರೀಕ್ಷಿಸಿತು. ಕ್ಯಾಪ್ಸೈಸಿನ್ ಹಾಕಿದರೆ ತಣ್ಣಗಿರುತ್ತೆ, ಬಿಸಿಗೂ ಆಮ್ಲಕ್ಕೂ ತೆರೆಯುತ್ತೆ. ಖಾರ ಕೂರುವ ಜಾಗವಷ್ಟೇ ಬೇರೆಯಾಗಿದೆ. ಏಸಿಕ್ ವಿಷಯದಲ್ಲಂತೂ ಕೋಳಿ ನಮಗೆ ಬಲು ಹತ್ತಿರ. ಏಸಿಕ್‌ನ ಮೂರು ತುಂಡಿನ ಆಕಾರವನ್ನು 2007ರಲ್ಲಿ ಮೊದಲು ಕಂಡದ್ದೇ ಕೋಳಿಯ ಪ್ರೋಟೀನಿನಲ್ಲಿ.

ನಿಜಕ್ಕೂ ಹುಳಿ ತಟ್ಟದ ಪ್ರಾಣಿ ಪೂರ್ವ ಆಫ್ರಿಕಾದಲ್ಲಿದೆ. ನೇಕೆಡ್ ಮೋಲ್ ರ‍್ಯಾಟ್ ಅಂತ, ಮೈಮೇಲೆ ಹೆಚ್ಚುಕಡಿಮೆ ಕೂದಲೇ ಇಲ್ಲದಂಥದ್ದು, ನಮ್ಮ ಕಬ್ಬಿನ ಗದ್ದೆಯ ಹೆಗ್ಗಣದ ದೂರದ ನೆಂಟ. ಒಂದೇ ಬಿಲದಲ್ಲಿ ಹತ್ತಾರು ಒತ್ತೊತ್ತಾಗಿ ಇರುತ್ತವೆ. ಅವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಲ್ಲುತ್ತೆ, ಮೈಯ ತೇವಕ್ಕೆ ಸೇರಿ ಆಮ್ಲವಾಗುತ್ತೆ. ಪ್ರತಿ ಉಸಿರಿಗೂ ಉರಿ ಎದ್ದಿದ್ದರೆ ಬದುಕೋದು ಹೇಗೆ?

ಅದರಲ್ಲಿ ಆಮ್ಲದ ಗ್ರಾಹಕವೇ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಇದೆ, ಸರಿಯಾಗಿ ತೆರೆಯುತ್ತೆ ಕೂಡ. ಬದಲಾಗಿರೋದು ಮುಂದಿನ ಹಂತ. ನೋವಿನ ಸುದ್ದಿಯನ್ನು ನರದಲ್ಲಿ ಸಾಗಿಸುವ ನೇವ್1.7 ಎಂಬ ಸೋಡಿಯಂ ನಾಳವನ್ನು ಆಮ್ಲ ಬೇರೆ ಪ್ರಾಣಿಗಳಲ್ಲೂ ಸ್ವಲ್ಪ ತಡೆಯುತ್ತೆ, ಇದರಲ್ಲಿ ಹೆಚ್ಚೇ ತಡೆಯುತ್ತೆ. 2011ರಲ್ಲಿ ಪತ್ತೆಯಾದದ್ದು ಇದು. ಬಾಗಿಲು ತೆರೆದ ಆಮ್ಲವೇ ಮುಂದೆ ದಾರಿಯನ್ನೂ ಕಟ್ಟುತ್ತೆ, ಸುದ್ದಿ ಮೆದುಳಿಗೆ ಹೋಗಲ್ಲ. ಹಾಗಂತ ಅದಕ್ಕೆ ನೋವೇ ಇಲ್ಲ ಅನ್ನಬೇಡಿ. ಚಿವುಟಿದರೆ, ಬಿಸಿ ತಗುಲಿದರೆ ಅದೂ ತಟಕ್ಕನೆ ಕಾಲೆಳೆದುಕೊಳ್ಳುತ್ತೆ.