ಬ್ಯಾಟರಿಯನ್ನು ಬಯ್ಯುವ ಮೊದಲು

ಮಳೆಗಾಲ ಕಳೆದು ಯಗಚಿ, ಹೇಮಾವತಿ, ಭದ್ರಾ ಜಲಾಶಯಗಳು ತುಂಬಿ ನಿಂತಾಗ, ತಿಂಗಳುಗಟ್ಟಲೆ ಟಾರ್ಪಾಲಿನಡಿ ಬಿದ್ದಿದ್ದ ಹಳೆಯ ಮೋಟಾರು ದೋಣಿಗಳು ಮತ್ತೆ ನೀರಿಗಿಳಿಯುತ್ತವೆ. ಕೀಲಿ ತಿರುಗಿಸಿದರೆ ಬರುವುದು ಒಂದೇ ಸದ್ದು: ಟಕ್. ದಡದಲ್ಲಿದ್ದವರೆಲ್ಲ ‘ಬ್ಯಾಟರಿ ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಬೇಲೂರಿನಿಂದಲೋ ಹಾಸನದಿಂದಲೋ ಹೊಸ ಬ್ಯಾಟರಿ ಬರುತ್ತದೆ. ಕೆಲವು ವಾರ ದೋಣಿ ಓಡಿ, ಮತ್ತೆ ಅದೇ ಟಕ್. ಸಾವಿರಾರು ರೂಪಾಯಿ ತಪ್ಪು ಜಾಗಕ್ಕೆ ಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಳೆಯ ದೋಣಿಯ ರೋಗ ಬಹಳ ಸಲ ಅಡಗಿರುವುದು ತಂತಿ ಮತ್ತು ಲೋಹ ಕೂಡುವ ಸಂದುಗಳಲ್ಲಿ. ಅದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ವೋಲ್ಟ್ ಅಳೆಯುವ, ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು.

ಮೊದಲು ಬ್ಯಾಟರಿಯನ್ನೇ ವಿಚಾರಿಸೋಣ. ಸೀಸದ ತಗಡುಗಳನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿ, ಮರಳಿ ಮರಳಿ ತುಂಬಬಲ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಇಂದಿನ ದೋಣಿಯಲ್ಲಿರುವುದೂ ಮೂಲತಃ ಅದೇ. ಒಳಗೆ ಆರು ಕೋಶಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಹೀಗಾಗಿ ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, 11.8ರ ಆಸುಪಾಸಿನಲ್ಲಿದ್ದರೆ ಬರಿದು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ತಗಡುಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಆ ಹರಳುಗಳು ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ.

ಮಲೆನಾಡಿನಲ್ಲಿ ಬ್ಯಾಟರಿ ಬರಿದಾಗಲು ಒಂದು ವಿಶೇಷ ಕಾರಣವೂ ಉಂಟು. ನೀರಿನಲ್ಲೇ ಕಟ್ಟಿಹಾಕಿದ ದೋಣಿಗೆ ಜುಲೈ ಮಳೆ ತುಂಬುತ್ತದೆ. ತಳದಲ್ಲಿರುವ ಸ್ವಯಂಚಾಲಿತ ಪಂಪು ನೀರನ್ನು ಎತ್ತಿ ಹಾಕುತ್ತಲೇ ಇರುತ್ತದೆ. ಎಂಜಿನ್ ಓಡದಿದ್ದರೆ ಆ ವಿದ್ಯುತ್ತನ್ನು ತುಂಬಿಕೊಡುವವರಿಲ್ಲ. ದೋಣಿಯನ್ನು ಕಾಯುತ್ತಲೇ ಬ್ಯಾಟರಿ ಸಾಯುತ್ತದೆ. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆಳೆದು, ಬ್ಯಾಟರಿಯನ್ನು ಬಿಚ್ಚಿ, ಮನೆಯಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡುವುದು ಎಲ್ಲಕ್ಕಿಂತ ಅಗ್ಗದ ಔಷಧ.

ಈಗ ಮುಖ್ಯ ಮಾತು. ಸುಮ್ಮನಿರುವ ಬ್ಯಾಟರಿ 12.6 ತೋರಿಸಿದ ಮಾತ್ರಕ್ಕೆ, ಎಂಜಿನ್ನನ್ನು ಮೊದಲಿಗೆ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ 12.6 ತಲುಪುತ್ತದೆ ಎಂದಲ್ಲ. ಕೆರೆಯ ತೂಬಿನಲ್ಲಿ ಕಸ ಕಟ್ಟಿಕೊಂಡಿದೆ ಎನ್ನಿ. ಆಚೆಗಿನ ಬಾಗಿಲು ಮುಚ್ಚಿ ನೀರು ನಿಂತಿರುವಷ್ಟು ಹೊತ್ತು ಕಸದ ಎರಡೂ ಬದಿಯಲ್ಲಿ ಮಟ್ಟ ಒಂದೇ. ಬಾಗಿಲು ತೆರೆದು ನೀರು ಹರಿದಾಗಲೇ ಆಚೆ ಬದಿ ಕುಸಿದು ಗುಟ್ಟು ಬಯಲಾಗುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದನ್ನೇ ಲೆಕ್ಕದಲ್ಲಿ ಹೇಳುತ್ತದೆ: ಕಳೆದುಹೋಗುವ ವೋಲ್ಟ್ ಎಂದರೆ ಹರಿಯುವ ಆಂಪಿಯರ್ ಮತ್ತು ದಾರಿಯ ರೋಧದ ಗುಣಲಬ್ಧ. ಕಿಲುಬು ಹಿಡಿದ ಒಂದು ಸಂದಿನ ರೋಧ ಕೇವಲ 0.02 ಓಮ್ ಇರಲಿ. ದೀಪಕ್ಕೆ ಬೇಕಾದ 2 ಆಂಪಿಯರ್ ಹರಿದಾಗ ನಷ್ಟ 0.04 ವೋಲ್ಟ್, ದೀಪ ಝಗಝಗ ಉರಿಯುತ್ತದೆ. ಸ್ಟಾರ್ಟರ್ 150 ಆಂಪಿಯರ್ ಎಳೆಯಹೊರಟರೆ ಅದೇ ಸಂದು 3 ವೋಲ್ಟ್ ನುಂಗುತ್ತದೆ. ದೀಪ ಉರಿದರೂ ಎಂಜಿನ್ ತಿರುಗದಿರುವುದು ಹೀಗೆ.

ಆದ್ದರಿಂದ ಹೊರೆ ಬಿದ್ದಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಪ್ರೊಪೆಲ್ಲರಿನ ಹತ್ತಿರ ಯಾರೂ ಇರಬಾರದು, ದೋಣಿಯ ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟುತ್ತದೆ, ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಎರಡಕ್ಕೂ ಒಂದು ಕಿಡಿ ಸಾಕು. ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಮೀಟರನ್ನು ಬ್ಯಾಟರಿಯ ಎರಡು ಧ್ರುವಗಳಿಗೆ ಹಿಡಿಯಲಿ. ಸಂಖ್ಯೆ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕಾದ್ದೇ. ಅದನ್ನು ಪೂರ್ತಿ ಚಾರ್ಜ್ ಮಾಡಿ ಇನ್ನೊಮ್ಮೆ ನೋಡಿ. ಬೀಳದಿದ್ದರೆ ಮೀಟರಿನ ಒಂದು ತುದಿ ಬ್ಯಾಟರಿಯ ಧನ ಧ್ರುವದಲ್ಲಿ, ಇನ್ನೊಂದು ಸ್ಟಾರ್ಟರಿನ ಬೋಲ್ಟಿನಲ್ಲಿ. ಮತ್ತೆ ಕೀಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕಳ್ಳ ಆ ದಾರಿಯಲ್ಲಿದ್ದಾನೆ. ಒಂದೊಂದೇ ಸಂದು ದಾಟುತ್ತ ಬಂದರೆ ಸಿಕ್ಕಿಬೀಳುತ್ತಾನೆ. ಋಣ ಧ್ರುವದಿಂದ ಎಂಜಿನ್ನಿನ ಲೋಹಕ್ಕೆ ಹೋಗುವ ದಾರಿಯನ್ನೂ ಹೀಗೆಯೇ ನೋಡಬೇಕು. ಬಹುತೇಕರು ಮರೆಯುವುದು ಅದನ್ನೇ. ಎರಡೂ ದಾರಿ ಶುದ್ಧವಿದ್ದು ಟಕ್ ಮಾತ್ರ ಉಳಿದರೆ ಸ್ಟಾರ್ಟರನ್ನು ಬಿಚ್ಚಲು ಆಗ ಕಾರಣ ಸಿಕ್ಕಿತು. ಟಕ್ ಕೂಡ ಇಲ್ಲದಿದ್ದರೆ ಫ್ಯೂಸು, ಇಲ್ಲವೇ ಗೇರ್ ಹಾಕಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚು.

ಸಂದು ಕೆಡುವುದು ತೇವದಿಂದ. ಮನೆಯ ವೈರಿಂಗಿನ ತಂತಿಯನ್ನು ಟೇಪು ಸುತ್ತಿ ಜೋಡಿಸಿದ ದೋಣಿಗಳಿಗೆ ಲೆಕ್ಕವಿಲ್ಲ. ತಾಮ್ರದ ಎಳೆಗಳ ನಡುವೆ ನೀರು ನುಸುಳಿ, ಪ್ಲಾಸ್ಟಿಕ್ಕಿನ ಒಳಗೊಳಗೇ ತಂತಿ ಕಪ್ಪಾಗುತ್ತದೆ. ದೋಣಿಗೆ ತವರದ ಲೇಪವಿರುವ ತಂತಿಯನ್ನೇ ಹಾಕಬೇಕು. ಇದರಲ್ಲಿ ಉಳಿತಾಯ ಬೇಡ. ಧ್ರುವಗಳ ಮೇಲಿನ ಬೂಷ್ಟಿನಂಥ ಪುಡಿಗೆ ಅಡುಗೆ ಸೋಡಾದ ನೀರು, ತಂತಿ ಬ್ರಷ್ಷು, ಬಿಗಿ ಮಾಡಿದ ಮೇಲೆ ಸವರಲು ಪೆಟ್ರೋಲಿಯಂ ಜೆಲ್ಲಿ. ಬಿಚ್ಚುವಾಗ ಋಣ ಧ್ರುವ ಮೊದಲು, ಹಾಕುವಾಗ ಕೊನೆಗೆ. ಹಾಗೆ ಮಾಡಿದರೆ ಧನ ಧ್ರುವದಲ್ಲಿರುವ ಸ್ಪ್ಯಾನರ್ ಎಂಜಿನ್ನಿಗೆ ತಾಕಿದರೂ ಕಿಡಿ ಹಾರುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು. ಇಲ್ಲವೆಂದರೆ ಚಾರ್ಜೇ ಆಗುತ್ತಿಲ್ಲ. ಅದನ್ನು ಪರೀಕ್ಷಿಸಲು ಓಡುವ ಎಂಜಿನ್ನಿನ ಬ್ಯಾಟರಿ ತಂತಿ ಕಳಚುವ ಹಳೆಯ ಪದ್ಧತಿ, ಚಾರ್ಜಿನ ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರನ್ನು ಸುಡಬಹುದು, ದಯವಿಟ್ಟು ಬೇಡ.

ಸ್ಟಾರ್ಟರ್ ಜೋರಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ, ಚಾಲಕನ ಮಣಿಕಟ್ಟಿಗೆ ಕಟ್ಟುವ, ಕಳಚಿದರೆ ಎಂಜಿನ್ ನಿಲ್ಲಿಸುವ ಸುರಕ್ಷಾ ದಾರದ ಕೊಕ್ಕೆ ತನ್ನ ಜಾಗದಲ್ಲಿದೆಯೇ ನೋಡಿ. ಆಮೇಲೆ ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಎಂಜಿನ್ ಹೀರುವ ಕೊಳವೆ ಇರುವುದೂ ಅಲ್ಲಿಯೇ. ಮಳೆಗಾಲ ಕಳೆದ ಹಳೆಯ ಪೆಟ್ರೋಲನ್ನು ನಂಬಬೇಡಿ.

ಕರಾವಳಿಯಿಂದ ಘಟ್ಟ ಹತ್ತಿ ಬಂದ ಹಳೆಯ ಎಂಜಿನ್ನಿಗೆ ಇನ್ನೊಂದು ತೊಡಕು. ಹೇಮಾವತಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಅಲ್ಲಿ ಗಾಳಿ ಸುಮಾರು ಶೇ. 8ರಷ್ಟು ತೆಳು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಮಲ್ಪೆಯಲ್ಲಿ ಸರಿಯಾಗಿದ್ದರೂ, ಹೇಮಾವತಿ ಅಣೆಕಟ್ಟಿರುವ ಗೊರೂರಿನಲ್ಲಿ ಆ ತೆಳು ಗಾಳಿಗೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಪ್ಲಗ್ಗು ಕಪ್ಪಾಗುತ್ತದೆ, ಬಲ ಕುಗ್ಗುತ್ತದೆ.

ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೀರಿನಿಂದ ಪೂರ್ತಿ ಹೊರಬರುವ ಹೊತ್ತಿಗೆ ದೋಣಿಯ ಅಡಿಯಲ್ಲಿ ನೀರಿಗಿಂತ ಕೆಸರೇ ಹೆಚ್ಚು. ಎಂಜಿನ್ನನ್ನು ತಂಪಾಗಿಸಲು ನೀರೆತ್ತುವ ರಬ್ಬರ್ ಚಕ್ರವನ್ನು ಆ ಕೆಸರು ಸವೆಸುತ್ತದೆ. ಎಂಜಿನ್ನಿನ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣದಾದರೆ ತಕ್ಷಣ ನಿಲ್ಲಿಸಿ. ಭದ್ರಾ ಹಿನ್ನೀರಿನಲ್ಲಾದರೆ ಮುಳುಗಿದ ಕಾಡಿನ ಬೊಡ್ಡೆಗಳಿವೆ. ಪ್ರೊಪೆಲ್ಲರ್ ಒಮ್ಮೆ ಬಡಿದ ಮೇಲೆ ಎಂಜಿನ್ ಅಬ್ಬರಿಸಿದರೂ ದೋಣಿ ಮುಂದೆ ಹೋಗದಿದ್ದರೆ, ಪ್ರೊಪೆಲ್ಲರಿನ ನಡುವಿನ ರಬ್ಬರ್ ಜಾರಿರಬಹುದು. ಒಳಗಿನ ಗುಂಬದಿಂದ, ಎಂದರೆ ರಬ್ಬರಿನ ಒಳಗಿರುವ ನಡುಭಾಗದಿಂದ, ಹೊರಗಿನ ಲೋಹದವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು ಸ್ವಲ್ಪ ದೂರ ಓಡಿಸಿ ಬನ್ನಿ. ಗೆರೆ ಎರಡಾಗಿ ಮುರಿದಿದ್ದರೆ ಎಂಜಿನ್ ಬಿಚ್ಚುವ ಕೆಲಸವಿಲ್ಲ, ಪ್ರೊಪೆಲ್ಲರನ್ನಷ್ಟೇ ಕಳಚಿ ರಿಪೇರಿಗೆ ಕಳುಹಿಸಬೇಕು.