ಕಿಹ್ನು ದ್ವೀಪದಲ್ಲಿ ಗಂಡಸರೇ ಇಲ್ಲವೇ?

ಓದುಗರ ಪ್ರಶ್ನೆ: ಎಸ್ಟೋನಿಯಾದ ಕಿಹ್ನು ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿ ಗಂಡಸರೇ ಇಲ್ಲವಂತೆ, ಎಲ್ಲವೂ ಹೆಂಗಸರ ಆಳ್ವಿಕೆಯಂತೆ, ನಿಜವೇ? ಹೋಗುವುದು ಹೇಗೆ, ಯಾವಾಗ ಹೋದರೆ ಒಳ್ಳೆಯದು?

ಉತ್ತರ: ಪ್ರಯಾಣದ ವಿಷಯ ಸುಲಭವಾದದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಷೆಂಗೆನ್ ವೀಸಾ ಇದ್ದರೆ ಸಾಕು. ರಾಜಧಾನಿ ಟ್ಯಾಲಿನ್‌ನಿಂದ ಬಸ್ಸಿನಲ್ಲಿ ಪ್ಯಾರ್ನು ಪಟ್ಟಣಕ್ಕೆ ಬಂದು, ಅಲ್ಲಿಂದ ಮುನಲಾಯು ಬಂದರಿಗೆ ಹೋಗಿ ಹಡಗು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ದ್ವೀಪ ಸಿಗುತ್ತದೆ. ಉದ್ದ ಏಳು ಕಿಲೋಮೀಟರ್, ಊರುಗಳು ನಾಲ್ಕು, ನೆಲ ಸಮತಟ್ಟು. ಪೈನ್ ಕಾಡು, ಜೂನಿಪರ್ ಪೊದೆಗಳ ಹುಲ್ಲುಗಾವಲು, ಬಂಡೆಗಳು ಚದುರಿದ ದಡ, ದಕ್ಷಿಣ ತುದಿಯ ದೀಪಸ್ತಂಭ ಇವೆಲ್ಲವನ್ನೂ ಸೈಕಲ್ಲಿನಲ್ಲೇ ನೋಡಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವುದು ಒಳ್ಳೆಯದು. ಜೂನ್ 23ರ ರಾತ್ರಿಯ ಬೆಂಕಿಯ ಹಬ್ಬಕ್ಕೆ ಹೋಗುವುದಾದರೆ ಉಳಿದುಕೊಳ್ಳುವ ಮನೆಯನ್ನು ಬಹಳ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಗಂಡಸರ ವಿಷಯ. ಈ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ. ಆದರೂ 'ಗಂಡಸರಿಲ್ಲದ ದ್ವೀಪ' ಎಂಬ ವೀಡಿಯೊ ಎಲ್ಲಿಂದಲೋ ಮತ್ತೆ ಹರಿದಾಡಿದೊಡನೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಕಿಹ್ನುವಿನಲ್ಲಿ ಗಂಡಸರಿದ್ದಾರೆ. ಮೀನು ಹಿಡಿಯುತ್ತಾರೆ, ದೋಣಿ ರಿಪೇರಿ ಮಾಡುತ್ತಾರೆ, ಮದುವೆಗಳಲ್ಲಿ ಕುಣಿಯುತ್ತಾರೆ. ಕಿಹ್ನು ತನ್ನದೇ ಒಂದು ಗ್ರಾಮೀಣ ಪುರಸಭೆ; 2017ರ ಸುಧಾರಣೆಯಲ್ಲಿ ಪುರಸಭೆಗೆ ಕನಿಷ್ಠ 5,000 ಜನರಿರಬೇಕೆಂದು ಎಸ್ಟೋನಿಯಾ ನಿಯಮ ಮಾಡಿದಾಗಲೂ, ಕೆಲವೇ ನೂರು ಜನರಿರುವ ಈ ದ್ವೀಪಕ್ಕೆ ವಿನಾಯಿತಿ ಸಿಕ್ಕಿತು. ಆ ಪುರಸಭೆಗೆ ಗಂಡಸರೂ ಮುಖ್ಯಸ್ಥರಾಗಿದ್ದಾರೆ. ದ್ವೀಪದ ಅತ್ಯಂತ ಹೆಸರಾಂತ ವ್ಯಕ್ತಿಯೂ ಗಂಡಸೇ: 1848ರಲ್ಲಿ ಹುಟ್ಟಿದ ಎನ್ ಊಎತೋವ ಎಂಬ ನಾವಿಕ, 'ಕಿಹ್ನು ಯೊನ್' ಎಂದರೆ ಎಲ್ಲರಿಗೂ ಗೊತ್ತು. 1913ರಲ್ಲಿ ಡೆನ್ಮಾರ್ಕಿನ ತೀರದಲ್ಲಿ ಹಡಗು ಮುಳುಗಿ ತೀರಿಕೊಂಡ ಆತನ ಅವಶೇಷಗಳನ್ನು 1992ರಲ್ಲಿ ಊರಿಗೆ ತಂದು ಮತ್ತೆ ಮಣ್ಣು ಮಾಡಿದರು.

ಸುಳ್ಳಿನ ಬೇರು ಇರುವುದೂ ಆ ಕಡಲಿನಲ್ಲೇ. ತಲೆಮಾರುಗಳಿಂದ ಗಂಡಸರು ಸೀಲ್ ಬೇಟೆಗೆ, ಮೀನುಗಾರಿಕೆಗೆ, ಸರಕು ಹಡಗುಗಳ ಕೆಲಸಕ್ಕೆ ಹೋಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಮನೆಯಿಂದ ದೂರವಿರುತ್ತಿದ್ದರು. ಉಳುಮೆ, ದನಕರು, ಮಕ್ಕಳು, ನೇಯ್ಗೆ, ಹಾಡು, ಹಬ್ಬ ಎಲ್ಲವೂ ಹೆಂಗಸರ ಪಾಲಿಗೆ ಬಂತು. ಭಾಷೆ ಮತ್ತು ಆಚರಣೆ ಉಳಿದಿರುವುದು ಅವರಿಂದಲೇ. ಹೊಣೆ ಹೊತ್ತವರು ಅವರು ಎಂಬುದು ನಿಜ, ಆದರೆ ಹೊಣೆ ಹೊರುವುದೇ ಆಳುವುದಲ್ಲ. ತುಳುನಾಡಿನ ಅಳಿಯಕಟ್ಟನ್ನು ಬಲ್ಲ ನಮ್ಮವರಿಗೆ ಈ ವ್ಯತ್ಯಾಸ ಬೇಗ ಹೊಳೆಯಬೇಕು: ಅಲ್ಲಿ ಆಸ್ತಿಯೂ ಬಳಿ ಎಂಬ ಕುಲದ ಹೆಸರೂ ತಾಯಿಯ ಕಡೆಯಿಂದ ಬಂದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿತ್ತು. ಕಿಹ್ನುವಿನಲ್ಲಿ ತಾಯಿಯ ಕಡೆಯ ಆ ಕಟ್ಟಳೆಯೂ ಇಲ್ಲ. ಇಷ್ಟಾದ ಮೇಲೆ ಅದನ್ನು 'ಸ್ತ್ರೀರಾಜ್ಯ' ಎಂದು ಕರೆಯುವುದು, ದುಡಿದವರ ದುಡಿಮೆಯನ್ನು ಮರೆಸಿ ಅವರನ್ನು ವಿಚಿತ್ರ ವಸ್ತುವಾಗಿಸುವ ಕೆಲಸ; ನನಗೆ ಬೇಸರವಾಗುವುದು ಅದಕ್ಕೇ. 2003ರಲ್ಲಿ ಯುನೆಸ್ಕೊ ಗುರುತಿಸಿದ್ದು ಕಿಹ್ನುವಿನ ಸಾಂಸ್ಕೃತಿಕ ಆವರಣವನ್ನು, ಅಂದರೆ ಹಾಡು, ಕಸುಬು, ಉಡುಪು, ಆಚರಣೆಗಳ ಒಟ್ಟು ಬದುಕನ್ನು. ಹೆಣ್ಣಾಳ್ವಿಕೆಗೆ ಅವರು ಯಾವ ಪ್ರಶಸ್ತಿಯನ್ನೂ ಕೊಟ್ಟಿಲ್ಲ.

ಅಲ್ಲಿನ ಲಂಗದ ಬಗ್ಗೆ ಯಾರೂ ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಉದ್ದುದ್ದ ಪಟ್ಟೆಗಳ, ನೆರಿಗೆ ಹಿಡಿದ ಆ ಉಣ್ಣೆಯ ಲಂಗಕ್ಕೆ 'ಕ್ಯೊರ್ಟ್' ಎನ್ನುತ್ತಾರೆ. ಪ್ರವಾಸಿಗರಿಗೆಂದು ತೊಡುವ ವೇಷ ಅದಲ್ಲ. ಅಂಗಡಿಗೆ ಹೋಗುವಾಗಲೂ, ಸೈಡ್‌ಕಾರ್ ಜೋಡಿಸಿದ ಹಳೆಯ ಮೋಟಾರ್ ಸೈಕಲ್ ಓಡಿಸುವಾಗಲೂ ಅನೇಕ ಹೆಂಗಸರು, ಅದರಲ್ಲೂ ಹಿರಿಯರು, ಅದನ್ನೇ ಉಡುತ್ತಾರೆ. ಬಣ್ಣಗಳನ್ನು ಓದಲು ಬಂದರೆ ಉಟ್ಟವರ ಸ್ಥಿತಿ ತಿಳಿಯುತ್ತದೆ. ಹರೆಯದವರ ಲಂಗದಲ್ಲಿ ಕೆಂಪು ತುಂಬಿರುತ್ತದೆ. ಮನೆಯಲ್ಲಿ ಸಾವಾದರೆ ಕೆಂಪು ಮಾಯವಾಗಿ ಕಪ್ಪು, ಕಡುನೀಲಿ ಬರುತ್ತವೆ. ಶೋಕ ತಗ್ಗುತ್ತಾ ಹೋದಂತೆ ಒಂದೊಂದೇ ಕೆಂಪು ಎಳೆ ಮತ್ತೆ ಪಟ್ಟೆಗಳ ನಡುವೆ ಸೇರುತ್ತದೆ. ಲಂಗದ ಮೇಲೆ ಏಪ್ರನ್ ಕಟ್ಟಿದ್ದರೆ ಮದುವೆಯಾದವರು ಎಂದರ್ಥ.

ಆದ್ದರಿಂದ ಹಡಗಿನಿಂದ ಇಳಿದವರು ಮೊದಲು ಲಿನಾಕ್ಯುಲ ಎಂಬ ಊರಿನಲ್ಲಿ ಚರ್ಚಿನ ಎದುರಿಗೆ, ಹಳೆಯ ಶಾಲೆಯ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋಗಿ, ಈ ಬಟ್ಟೆಗಳನ್ನು ನಿಧಾನವಾಗಿ ನೋಡಿ, ಅಲ್ಲಿದ್ದವರನ್ನು ಕೇಳಿ ತಿಳಿದುಕೊಂಡು, ಅನಂತರ ಊರು ಸುತ್ತಿ. ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಿ. ಎದುರಿಗಿದ್ದವರ ಲಂಗದಲ್ಲಿ ಕೆಂಪಿನ ಎಳೆಯೇ ಕಾಣದಿದ್ದರೆ ಕೇಳಲೂ ಹೋಗಬೇಡಿ.